ಹೊರನಾಡಿನ ಹಣವೂ ದಾಸೋಹ ತತ್ತ್ವವೂ

(ಸಿದ್ದಾಪುರ ತಾಲ್ಲೂಕಿನ ಬಿಳಗಿಯಲ್ಲಿ ನೆರೆದ ಸದ್ಭಕ್ತರ ಮುಂದೆ ಮಾಡಿದ ಪ್ರವಚನ)



ದಾಸೋಹವೆಂಬುದು ನಮ್ಮ ಮನೆಗಳಲ್ಲಿಯೂ ಮಠಗಳಲ್ಲಿಯೂ ದಿನಂಪ್ರತಿ ಕೇಳಿಬರತಕ್ಕ ಶಬ್ದ. ದಿನವೂ ಕೈಬದಲಾಗುವ ನಾಣ್ಯದ ಮುದ್ರೆ ಸವೆಯುವಂತೆ, ದಿನವೂ ಆಡುವ ಮಾತಿನ ಅರ್ಥವೂ ಸವೆಯುತ್ತದೆ. ಮಠಕ್ಕೆ ಅಕ್ಕಿ ಬೇಳೆ ಕಳುಹಿಸಿದರೆ ದಾಸೋಹ, ಜಾತ್ರೆಯಲ್ಲಿ ಪಂಕ್ತಿಗೆ ಬಡಿಸಿದರೆ ದಾಸೋಹ, ಇಷ್ಟಕ್ಕೇ ನಾವು ಅದನ್ನು ನಿಲ್ಲಿಸಿಬಿಟ್ಟಿದ್ದೇವೆ. ಹಾಗಾದರೆ ದಾನಕ್ಕೂ ದಾಸೋಹಕ್ಕೂ ಭೇದವೇನು? ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿಯಾದರೋ ಕೊಡುವವನೇ ದಾಸನು. ಉಣ್ಣುವವನು ಒಡೆಯನಾಗುತ್ತಾನೆ, ಬಡಿಸುವವನು ಬಾಗುತ್ತಾನೆ. ಈ ತಿರುವುಮುರುವೇ ಹನ್ನೆರಡನೆಯ ಶತಮಾನದ ಶರಣರು ಲೋಕಕ್ಕೆ ತೋರಿದ ಹೊಸ ಸಂಗತಿ.

ಇಂದು ಈ ವಿಷಯವನ್ನು ಎತ್ತಿಕೊಳ್ಳಲು ಒಂದು ಕಾರಣವಿದೆ. ಈ ಸುತ್ತಿನ ಒಬ್ಬ ಭಕ್ತರ ಮಗನು ಹೊರದೇಶದಲ್ಲಿ ಉದ್ಯೋಗದಲ್ಲಿದ್ದಾನೆ. ಅವನೂ ಅಲ್ಲಿಯ ಅವನ ಸ್ನೇಹಿತರೂ ಸೇರಿ, ಊರಿನ ಬೋಳಾದ ಗುಡ್ಡಕ್ಕೆ ಬೇಲಿ ಕಟ್ಟಿಸಿ ಗಿಡ ನೆಡಿಸಲು ಹಣ ಕಳುಹಿಸುವುದಾಗಿ ಬರೆದಿದ್ದಾರೆ. ನಾಲ್ವರು ಹಿರಿಯರು ಮಠಕ್ಕೆ ಬಂದು, "ಬುದ್ಧಿ, ಒಪ್ಪಿಕೊಳ್ಳೋಣವೇ?" ಎಂದು ಕೇಳಿದರು. ಪುಣ್ಯದ ಕೆಲಸ, ಒಪ್ಪಿಕೊಳ್ಳಿ ಎಂದು ಕೂಡಲೇ ಹೇಳಬಹುದಾಗಿತ್ತು. ನಾವು ಹೇಳಲಿಲ್ಲ. ಏಕೆ ಹೇಳಲಿಲ್ಲವೆಂಬುದನ್ನು ನಿಮ್ಮೆಲ್ಲರ ಮುಂದೆ ಬಿಚ್ಚಿಡುವುದು ಯುಕ್ತವೆಂದು ತೋರಿತು.

ಬಹಳ ವರ್ಷಗಳ ಹಿಂದೆ ಇದೇ ಸೀಮೆಯ ಒಂದು ಹಳ್ಳಿಯಲ್ಲಿ ಗುಡ್ಡಕ್ಕೆ ನೆಡುತೋಪು ಹಾಕುವ ಕಾರ್ಯವಿತ್ತು. ಗುದ್ದಲಿ ಪೂಜೆಗೆ ನಮ್ಮನ್ನು ಕರೆದರು. ಹೋದೆವು, ಮೊದಲ ಗಿಡವನ್ನು ನಮ್ಮ ಕೈಯಿಂದಲೇ ನೆಡಿಸಿದರು, ಆಶೀರ್ವದಿಸಿ ಬಂದೆವು. ಗುಡ್ಡದ ಸುತ್ತ ದನ ದಾಟದಂತೆ ಆಳವಾದ ಅಗಳ ತೋಡಿದ್ದರು. ಒಳ್ಳೆಯ ಅಚ್ಚುಕಟ್ಟಾದ ಕೆಲಸವೆಂದು ಹೊಗಳಿದ್ದೂ ನೆನಪಿದೆ. ಎರಡು ವರ್ಷಗಳ ತರುವಾಯ ಅದೇ ಊರಿಗೆ ಹೋದಾಗ ಒಬ್ಬ ಮುದುಕಿ ಪಾದಕ್ಕೆರಗಿ ದೂರದಲ್ಲಿ ನಿಂತಳು. ಏನಮ್ಮ ಎಂದು ಕೇಳಿದೆವು. "ಬುದ್ಧಿ, ನೀವು ಪೂಜೆ ಮಾಡಿ ಹೋದ ಮೇಲೆ ಆ ಕಡೆ ಕಾಲಿಡೋ ಹಾಗಿಲ್ಲ ಅಂದ್ರು. ಎರಡು ಎಮ್ಮೆ ಇತ್ತು, ಮಾರಿಬಿಟ್ವಿ. ಸೌದೆಗೆ ಈಗ ಆಚೆ ಗುಡ್ಡ ದಾಟಿ ಹೋಗ್ಬೇಕು" ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಮಗೆ ಅಷ್ಟು ನೋಯುತ್ತಿರಲಿಲ್ಲ. ಆ ಹಣವನ್ನು ಕೊಟ್ಟವರು ಯಾರು, ಕಾಗದದಲ್ಲಿ ಏನು ಬರೆದಿತ್ತು, ಆ ಗುಡ್ಡದಿಂದ ಯಾರ ಒಲೆ ಉರಿಯುತ್ತಿತ್ತು ಎಂಬ ಮೂರರಲ್ಲಿ ಒಂದನ್ನಾದರೂ ನಾವು ವಿಚಾರಿಸಿರಲಿಲ್ಲ. ಕಾವಿಯ ಗೌರವವನ್ನು ಆ ಅಗಳಕ್ಕೆ ಮುದ್ರೆಯಾಗಿ ಒತ್ತಿ ಬಂದಿದ್ದೆವು.

ನಮ್ಮ ಜಿಲ್ಲೆಗೆ ಹೊರನಾಡಿನ ಹಣ ಬಂದದ್ದು ಹೊಸ ಸಂಗತಿಯಲ್ಲ. 1991ರ ಸುಮಾರಿಗೆ ಬ್ರಿಟಿಷ್ ಸರ್ಕಾರದ ಸಾಗರೋತ್ತರ ಅಭಿವೃದ್ಧಿ ಆಡಳಿತವು ಉತ್ತರ ಕನ್ನಡದ ಅರಣ್ಯಗಳಿಗಾಗಿ ನೆರವು ನೀಡತೊಡಗಿತು. ಪಶ್ಚಿಮ ಘಟ್ಟಗಳ ಅರಣ್ಯ ಮತ್ತು ಪರಿಸರ ಯೋಜನೆಯೆಂದು ಅದರ ಹೆಸರು. ಮೊದಲು ಕೆನರಾ ವೃತ್ತದಲ್ಲಿ, ಅನಂತರ ಶಿವಮೊಗ್ಗ ವೃತ್ತದಲ್ಲಿಯೂ ಅದು ನಡೆದು, ದಶಕದ ಕೊನೆಯ ಹೊತ್ತಿಗೆ ಮುಗಿಯಿತು. ಹಣ ಕೊಟ್ಟ ಆ ಇಲಾಖೆಯ ಹೆಸರು 1997ರಲ್ಲಿ ಬದಲಾಯಿತು, 2020ರಲ್ಲಿ ಅದು ಬೇರೊಂದು ಇಲಾಖೆಯಲ್ಲಿ ವಿಲೀನವಾಯಿತು. ಅದಿರಲಿ. ನಾವು ಗಮನಿಸತಕ್ಕದ್ದು ಆ ಯೋಜನೆಯ ಉದ್ದೇಶದಲ್ಲಿ ಸೇರಿದ್ದ ಒಂದು ಷರತ್ತನ್ನು. ಬಡವರು, ಹೆಂಗಸರು, ಬುಡಕಟ್ಟಿನವರು ಮತ್ತು ಅರಣ್ಯವನ್ನೇ ಬಹುವಾಗಿ ನೆಚ್ಚಿಕೊಂಡ ಇತರ ದುರ್ಬಲರು ಈ ಯೋಜನೆಯಿಂದ ಮೊದಲಿಗಿಂತ ಕೆಟ್ಟ ಸ್ಥಿತಿಗೆ ಇಳಿಯಬಾರದು, ಸಾಧ್ಯವಾದರೆ ಮೇಲೇರಬೇಕು ಎಂಬುದು ಅದರ ತಾತ್ಪರ್ಯ. ಓದಿದಾಗ ನಮಗೆ ಆಶ್ಚರ್ಯವಾಯಿತು. ಇದನ್ನು ಬರೆದವರು ಬಸವಣ್ಣನ ಹೆಸರು ಕೇಳಿದವರೋ ಅಲ್ಲವೋ ತಿಳಿಯದು, ಆದರೆ ಆ ವಾಕ್ಯ ದಾಸೋಹದ ವಾಕ್ಯ.

ವಾಕ್ಯವೇನೋ ಸರಿ. ಅದು ಲಂಡನ್ನಿನಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಶಿರಸಿಗೆ, ಶಿರಸಿಯಿಂದ ಹಳ್ಳಿಯ ಗುಡ್ಡಕ್ಕೆ ಇಳಿದು ಬರುವಾಗ ಏನಾಯಿತು? 1993ರ ಏಪ್ರಿಲಿನಲ್ಲಿ ಕರ್ನಾಟಕ ಸರ್ಕಾರ ಜಂಟಿ ಅರಣ್ಯ ಯೋಜನೆಯ ಆಜ್ಞೆ ಹೊರಡಿಸಿತು. ಹಳ್ಳಿಗಳಲ್ಲಿ ಗ್ರಾಮ ಅರಣ್ಯ ಸಮಿತಿಗಳಾದವು. ಮರದ ನೆರಳು ಕಾಲುಭಾಗಕ್ಕಿಂತ ಕಡಿಮೆಯಿದ್ದ, ಅಂದರೆ ಬೋಳಾದ, ಭೂಮಿಯಲ್ಲಿ ನೆಡುವ ಕೆಲಸ ಸಮಿತಿಗೂ ಇಲಾಖೆಗೂ ಸೇರಿತು. ಕೇಳುವುದಕ್ಕೆ ನಿರ್ದುಷ್ಟವಾದ ಏರ್ಪಾಡು. ಆದರೆ ಬೋಳುಗುಡ್ಡವೆಂದರೆ ಯಾರೂ ಬಳಸದ ಗುಡ್ಡವೆಂದು ಅರ್ಥವೇ? ನಮ್ಮ ಸೀಮೆಯಲ್ಲಿ ಅದಕ್ಕೆ ತದ್ವಿರುದ್ಧ. ಎಲ್ಲರೂ ಬಳಸಿದ್ದರಿಂದಲೇ ಅದು ಬೋಳಾದದ್ದು. ಅಲ್ಲಿಗೆ ಹೋಗುತ್ತಿದ್ದವರು ಬೇರೆ ಎಲ್ಲಿಗೂ ಹೋಗಲಾರದವರು.

ಇದನ್ನು ತಿಳಿಯಬೇಕಾದರೆ ಸೊಪ್ಪಿನಬೆಟ್ಟದ ವಿಚಾರ ತಿಳಿದಿರಬೇಕು, ನಿಮಗೆ ಅದನ್ನು ನಾವು ಹೇಳಿಕೊಡಬೇಕಾದುದಿಲ್ಲ. ಈ ಪತ್ರಿಕೆಯನ್ನು ಬಯಲುಸೀಮೆಯ ಭಕ್ತರೂ ಓದುತ್ತಾರಾದ್ದರಿಂದ ಎರಡು ಮಾತು. (ಬಿಳಗಿಯೆಂದರೆ ಬಾಗಲಕೋಟೆಯ ಬೀಳಗಿಯೆಂದು ತಿಳಿದು ಅನೇಕರು ಕಾಗದ ಬರೆಯುವುದುಂಟು. ಇದು ರತ್ನತ್ರಯ ಬಸದಿಯ ಬಿಳಗಿ, ಘಟ್ಟದ ಮೇಲಿನ ಮಳೆಯ ಊರು.) ಬ್ರಿಟಿಷರ ಕಾಲದಿಂದಲೂ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅಡಿಕೆ ತೋಟದ ಹಿಡುವಳಿದಾರರಿಗೆ ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸವಲತ್ತು ಬಂದಿದೆ. ಅಲ್ಲಿಂದ ಸೊಪ್ಪು, ದರಕು, ಸೌದೆ ತರುತ್ತಾರೆ, ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುತ್ತಾರೆ, ತೋಟ ಬೆಳೆಯುತ್ತದೆ. ತೋಟವಿಲ್ಲದವರಿಗೆ ಬೆಟ್ಟವೂ ಇಲ್ಲ. ಕೂಲಿಯವನ, ಗೇಣಿಯಿಂದ ಎರಡು ಗುಂಟೆ ಗದ್ದೆ ಪಡೆದವನ, ಯಲ್ಲಾಪುರದ ಕಡೆಯ ಸಿದ್ದಿಯರ, ಗೌಳಿಗರ ದನಕ್ಕೂ ಒಲೆಗೂ ಉಳಿದದ್ದು ಹಾದಿಬದಿಯ ಆ ಬೋಳುಗುಡ್ಡವೇ. ಯೋಜನೆಯ ಗಿಡ ನೆಟ್ಟದ್ದೂ ಅಲ್ಲಿಯೇ. ಬೆಟ್ಟವುಳ್ಳವನ ಬೆಟ್ಟಕ್ಕೆ ಕೈ ಹಚ್ಚಲಿಲ್ಲ. ಬೆಟ್ಟವಿಲ್ಲದವನ ಗುಡ್ಡಕ್ಕೆ ಅಗಳ ಬಿತ್ತು. ಯಾರೂ ದುರುದ್ದೇಶದಿಂದ ಮಾಡಿದ ಕೆಲಸವಲ್ಲವಿದು, ಖಾಲಿ ಕಂಡ ಜಾಗದಲ್ಲಿ ನೆಟ್ಟರು, ಅಷ್ಟೆ. ಆ ಖಾಲಿಯೊಳಗೆ ಇದ್ದವರು ಕಣ್ಣಿಗೆ ಬೀಳಲಿಲ್ಲ. ಆ ಯೋಜನೆಯನ್ನು ಕುರಿತು 1997ರಲ್ಲಿ ಸ್ವತಂತ್ರ ಅಧ್ಯಯನ ನಡೆಯಿತು, ವಿದ್ವಾಂಸರು ಪುಸ್ತಕಗಳನ್ನೇ ಬರೆದರು. ಬಡವರ ಅವಲಂಬನೆಯ ಪ್ರಶ್ನೆಯೂ ಹೆಂಗಸರ ಪ್ರಶ್ನೆಯೂ ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ನೆರವಿನ ಅವಧಿ ಮುಗಿದ ಮೇಲೆ ಎಷ್ಟೋ ಸಮಿತಿಗಳು ಹೆಸರಿಗೆ ಮಾತ್ರ ಉಳಿದವು.

ಇಲ್ಲಿ ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನು ನೆನೆಯದೆ ಮುಂದೆ ಹೋಗಲಾಗದು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕ ನಿಮಗೆ ತಿಳಿದದ್ದೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಮಾರಯ್ಯ ಆಯ್ದು ತರುವನು, ಲಕ್ಕಮ್ಮ ಅಡುಗೆ ಮಾಡುವಳು, ಜಂಗಮ ದಾಸೋಹ ನಡೆಯುವುದು. ಒಂದು ದಿನ ಮಾರಯ್ಯ ನಿತ್ಯದ ನೇಮಕ್ಕಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮ ಮುಖ ಅರಳಿಸಲಿಲ್ಲ. ಇದು ನಮ್ಮ ಕಾಯಕದ ಅಳತೆಯಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿದಳು.

ಈ ಕಥೆಯನ್ನು ಸಾಮಾನ್ಯವಾಗಿ ನಿರ್ಲೋಭಕ್ಕೆ ಉದಾಹರಣೆಯಾಗಿ ಹೇಳುವ ರೂಢಿ. ಅದು ತಪ್ಪಲ್ಲ. ಆದರೆ ಇನ್ನೊಂದು ಮಗ್ಗುಲಿನಿಂದ ನೋಡಿರಿ. ಅಕ್ಕಿ ಚೆಲ್ಲಿದ ಮನೆ ಯಾರದು? ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನದು. ಆಯ್ದು ತಂದವನು ಯಾರು? ಕಡುಬಡವ. ಇಂಥಲ್ಲಿ ಬಡವನ ಮನೆಯ ಹೆಂಗಸು ದೊಡ್ಡ ಮನೆಯ ಅಕ್ಕಿಯನ್ನು ಬೇಡವೆನ್ನುತ್ತಾಳೆ, ಆ ಬೇಡವೆಂಬ ಮಾತು ನಡೆಯುತ್ತದೆ. ಮಾರಯ್ಯ ಹೋಗಿ ಸುರಿದು ಬರುತ್ತಾನೆ. ಮಹಾಮನೆಯಲ್ಲಿ ಯಾರಿಗೂ ಅದು ಅಪಮಾನವೆನಿಸುವುದಿಲ್ಲ. ಕೊಳ್ಳುವವನಿಗೆ ಬೇಡವೆನ್ನುವ ಸ್ವಾತಂತ್ರ್ಯವಿದ್ದರಷ್ಟೇ ಅವನು ಕೊಡುವವನಿಗೆ ಸಮಾನನು. ಆ ಹಳ್ಳಿಯ ಮುದುಕಿಗೆ ಬೇಡವೆನ್ನುವ ಅವಕಾಶವಿತ್ತೇ? ಅವಳನ್ನು ಕೇಳಿದವರಾರು? ಕೇಳುವ ಹೊತ್ತಿಗೆ ಅಗಳ ತೋಡಿ ಎರಡು ವರ್ಷವಾಗಿತ್ತು.

ಸಭೆ ಮಾಡಿದ್ದರಲ್ಲ, ಊರವರೆಲ್ಲ ಒಪ್ಪಿದ್ದರಲ್ಲ ಎಂದು ಕೆಲವರು ಹೇಳಬಹುದು. ಊರಸಭೆ ಎಂದರೆ ಏನೆಂಬುದನ್ನು ನಾವೆಲ್ಲ ಬಲ್ಲೆವು. ಜಗುಲಿಯ ಮೇಲೆ ಕೂರುವವರು ಕೂರುತ್ತಾರೆ, ಅಂಗಳದಲ್ಲಿ ನಿಲ್ಲುವವರು ನಿಲ್ಲುತ್ತಾರೆ, ಹೆಂಗಸರು ಒಳಗಿನಿಂದ ಚಹ ಕಳುಹಿಸುತ್ತಾರೆ. ಸೌದೆ ತರುವವಳು ಸೌದೆಗೆ ಹೋಗಿರುತ್ತಾಳೆ. ಮನೆಗೊಬ್ಬರ ರುಜು ಎಂದರೆ ಗಂಡಸಿನ ರುಜು. ಅನುಭವ ಮಂಟಪದ ಚರ್ಚೆಯಲ್ಲಿ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಕಠೋರವಾಗಿಯೇ ಪ್ರಶ್ನಿಸಿದನು, ನಿಜ. ಆದರೆ ಪ್ರಶ್ನಿಸಿದನು, ಉತ್ತರವನ್ನು ಕೇಳಿದನು, ಸಭೆಯೆಲ್ಲ ಕೇಳಿತು. ಪ್ರಶ್ನಿಸುವ ಗೌರವವನ್ನಾದರೂ ನಮ್ಮ ಸಮಿತಿಗಳು ಹೆಂಗಸರಿಗೆ ಕೊಟ್ಟಿವೆಯೇ?

ಈ ಸಂದರ್ಭದಲ್ಲಿ ಒಂದು ವಿಷಯ ನೆನಪಿಗೆ ಬರುತ್ತದೆ. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯು ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಅದರ ಮೊದಲನೆಯ ವಿಧಿಯ ಕರಡಿನಲ್ಲಿ ಎಲ್ಲ ಪುರುಷರು ಎಂದು ಅರ್ಥ ಬರುವಂಥ ಶಬ್ದವಿತ್ತು. ಭಾರತದ ಪ್ರತಿನಿಧಿಯಾಗಿದ್ದ ಹಂಸಾ ಮೆಹ್ತಾ ಅವರು ಅದನ್ನು ಆಕ್ಷೇಪಿಸಿ, ಎಲ್ಲ ಮಾನವರು ಎಂದು ಆಗುವಂತೆ ಮಾಡಿದರು. ಒಂದು ಶಬ್ದದ ತಿದ್ದುಪಡಿ. ಆದರೆ ಆ ಶಬ್ದ ತಿದ್ದದೆ ಹೋಗಿದ್ದರೆ ಲೋಕದ ಅರ್ಧದಷ್ಟು ಜನರು ಆ ಘೋಷಣೆಯ ಹೊರಗೇ ನಿಲ್ಲುವರೆಂದು ಅವರಿಗೆ ಭಯವಿತ್ತು. ಲಕ್ಕಮ್ಮನ ನಾಡಿನವರಾದ ನಮಗೆ ಆ ಭಯ ಅರ್ಥವಾಗಬೇಕು.

ಇನ್ನು ಮರದ ಮಾತು. ಯಾವ ಮರವಾದರೂ ಹಸುರೇ ಅಲ್ಲವೇ ಎಂಬ ಭ್ರಾಂತಿ ಪಟ್ಟಣದವರಲ್ಲಿದೆ, ಹೊರದೇಶದಲ್ಲಿರುವ ನಮ್ಮ ಮಕ್ಕಳಲ್ಲಿಯೂ ಇದೆ. ಉತ್ತರ ಕನ್ನಡದ ನೆಡುತೋಪುಗಳಲ್ಲಿ ಬಹುಪಾಲು ಅಕೇಶಿಯಾ ನಿಂತಿತು. ಬೇಗ ಬೆಳೆಯುತ್ತದೆ, ದನ ತಿನ್ನುವುದಿಲ್ಲ, ಆದ್ದರಿಂದ ನೆಟ್ಟವನಿಗೆ ಸುಲಭ. ದನ ತಿನ್ನುವುದಿಲ್ಲವೆಂಬುದು ಯಾರಿಗೆ ಗುಣ, ಯಾರಿಗೆ ದೋಷ, ನೀವೇ ಯೋಚಿಸಿರಿ. ಉಪ್ಪಾಗೆ, ಮುರುಗಲು, ಅಂಟುವಾಳ, ಶೀಗೆ, ಹಲಸು, ಮಾವು, ಬಿದಿರು, ಬೆತ್ತ ಇವು ಇರುವ ಕಾಡಿನಿಂದ ಹೆಂಗಸರ ಕೈಗೆ ಸ್ವಂತ ನಾಲ್ಕು ಕಾಸು ಬರುತ್ತದೆ. ಅಕೇಶಿಯಾ ಕಡಿದು ಮಾರಿದಾಗ ಬರುವ ಹಣವು ಸಮಿತಿಯ ಲೆಕ್ಕಕ್ಕೆ ಹೋಗುತ್ತದೆ. ಧಾರವಾಡ ಜಿಲ್ಲೆಯಲ್ಲಿದ್ದ, ಈಗ ಹಾವೇರಿ ಜಿಲ್ಲೆಗೆ ಸೇರಿದ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನರು ಸಾಮೂಹಿಕ ಭೂಮಿಯಲ್ಲಿ ನೆಟ್ಟಿದ್ದ ನೀಲಗಿರಿಯನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹವೆಂದು ಅದು ಹೆಸರಾಯಿತು. ಅದಕ್ಕೂ ನಾಲ್ಕು ವರ್ಷ ಮುಂಚೆ, 1983ರ ಸೆಪ್ಟೆಂಬರಿನಲ್ಲಿ, ಶಿರಸಿಯ ಸಾಲ್ಕಣಿಯವರು ಮರಗಳನ್ನು ಅಪ್ಪಿ ನಿಂತದ್ದು ಲೋಕಪ್ರಸಿದ್ಧ. ಅಪ್ಪಿದವರೂ ಕಿತ್ತವರೂ ಹೇಳಿದ್ದು ಒಂದೇ ಮಾತು.

ಮೇದಾರ ಕೇತಯ್ಯನನ್ನು ಸ್ಮರಿಸುವಾಗಲೆಲ್ಲ ನಮಗೆ ಒಂದು ಲೆಕ್ಕ ನೆನಪಾಗುತ್ತದೆ. ದಾಂಡೇಲಿಯ ಕಾಗದದ ಕಾರ್ಖಾನೆಗೆ 1958ರಲ್ಲಿ ನಮ್ಮ ಜಿಲ್ಲೆಯ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ ಕೊಡಲಾಯಿತೆಂದು ಮಾಧವ ಗಾಡ್ಗೀಳರು ಬರೆದಿದ್ದಾರೆ. ಪೇಟೆಯ ದರ ಅದರ ಎಷ್ಟೋ ಪಟ್ಟು. ಬುಟ್ಟಿ ಹೆಣೆಯುವ ಮೇದಾರನು ಕೊಳ್ಳಬೇಕಾಗಿದ್ದುದು ಪೇಟೆಯ ದರದಲ್ಲಿ. ಆ ಕಾರ್ಖಾನೆಯ ವಿಚಾರ ಹೊರನಾಡಿನ ಹಣದ ವಿಚಾರವಲ್ಲ, ಒಪ್ಪುತ್ತೇವೆ. ಅನ್ಯಾಯವು ಕಡಲು ದಾಟಿಯೇ ಬರಬೇಕೆಂದಿಲ್ಲ ಎಂಬುದಕ್ಕಾಗಿ ಹೇಳಿದೆವು. ಹೊರಗಿನವರನ್ನು ಬೈದು ನಾವು ಶುದ್ಧರಾಗುವ ಹಾಗಿಲ್ಲ.

ಹೊರನಾಡಿನ ಹಣವೆಲ್ಲ ದಾನವೂ ಅಲ್ಲವೆಂಬುದನ್ನು ಭಕ್ತರು ತಿಳಿದಿರಬೇಕು. ಬ್ರಿಟಿಷರದು ನೆರವು. 2005ರಲ್ಲಿ ಕರ್ನಾಟಕದ ಅರಣ್ಯಗಳಿಗಾಗಿ ಜಪಾನಿನಿಂದ ಬಂದದ್ದು ಸುಮಾರು 1520 ಕೋಟಿ ಯೆನ್ ಸಾಲ. ಸಾಲವೆಂದರೆ ನೆಟ್ಟವರ ಮಕ್ಕಳು ಮೊಮ್ಮಕ್ಕಳು ತೀರಿಸತಕ್ಕದ್ದು. ತೀರಿಸುವವರಿಗೆ ಆ ಮರದ ಹಣ್ಣು ಸಿಗುವುದೋ ಇಲ್ಲವೋ ಎಂದು ಕೇಳುವ ಅಧಿಕಾರ ಅವರಿಗಿದೆ. ಈಗೀಗ ಲೋಕದ ದೊಡ್ಡ ಹಣಸಂಸ್ಥೆಗಳು ಇಂಥ ಪ್ರಶ್ನೆಗಳನ್ನು ತಾವೇ ಮೊದಲು ಹಾಕಿಕೊಳ್ಳಬೇಕೆಂದು ನಿಯಮ ಮಾಡಿಕೊಂಡಿವೆ. ವಿಶ್ವ ಬ್ಯಾಂಕು 2018ರಿಂದ ತಾನು ಹಣ ಹಾಕುವ ಕೆಲಸಗಳಿಗೆ ಪರಿಸರ ಮತ್ತು ಸಾಮಾಜಿಕ ಷರತ್ತುಗಳ ಹೊಸ ಚೌಕಟ್ಟನ್ನು ಜಾರಿಗೆ ತಂದಿದೆ. ಬಾಧಿತರಾಗುವ ಜನರೊಂದಿಗೆ ಮೊದಲಿನಿಂದಲೂ ಸಮಾಲೋಚಿಸಬೇಕೆಂಬುದು ಅದರಲ್ಲಿ ಸೇರಿದೆ. ಒಳ್ಳೆಯದೇ. ಆದರೆ 1991ರ ವಾಕ್ಯವೂ ಒಳ್ಳೆಯದೇ ಆಗಿತ್ತು. ಷರತ್ತು ಕಡತದಲ್ಲಿದ್ದರೆ ಕಡತವನ್ನು ಕಾಯುತ್ತದೆ. ಗುಡ್ಡದ ಮೇಲೆ ಅದನ್ನು ಯಾರು ಓದಿ ಹೇಳಬೇಕು? ಗುದ್ದಲಿ ಪೂಜೆಗೆ ಹೋಗುವ ನಮ್ಮಂಥವರು ಹೇಳಬೇಕಾಗಿತ್ತು.

ಹಣವಿಲ್ಲದೆಯೂ ನಡೆದ ಕಾರ್ಯಗಳು ನಮ್ಮ ಜಿಲ್ಲೆಯಲ್ಲಿಯೇ ಇವೆ. ಕುಮಟಾ ತಾಲ್ಲೂಕಿನ ಹಳಕಾರಿನಲ್ಲಿ ಸುಮಾರು ಒಂದು ಶತಮಾನದಿಂದ ಊರವರದೇ ಅರಣ್ಯ ಪಂಚಾಯತಿ ಇದೆ. 1979ರಲ್ಲಿ ಸರ್ಕಾರ ಅಂಥ ಪಂಚಾಯತಿಗಳನ್ನು ವಿಸರ್ಜಿಸಲು ಹೊರಟಾಗ ಅವರು ನ್ಯಾಯಾಲಯದ ಮೆಟ್ಟಿಲೇರಿ ತಮ್ಮ ಕಾಡನ್ನು ಉಳಿಸಿಕೊಂಡರು. ಯಾವ ಯೋಜನೆಯ ಅವಧಿ ಮುಗಿದರೂ ಅವರಿಗೆ ಏನೂ ಆಗಲಿಲ್ಲ, ಏಕೆಂದರೆ ಅವರು ಯಾವ ಯೋಜನೆಯೂ ಆಗಿರಲಿಲ್ಲ.

ಹಾಗೆಂದು ಹೊರನಾಡಿನ ಹಣವನ್ನು ಮುಟ್ಟಲೇಬಾರದೆಂದು ನಾವು ಹೇಳುತ್ತಿಲ್ಲ. ದೂರ ಹೋದ ಮಗನಿಗೆ ಊರಿನ ಗುಡ್ಡ ನೆನಪಾಯಿತೆಂಬುದು ಸಣ್ಣ ಸಂಗತಿಯಲ್ಲ. ವ್ಯವಹಾರದ ಮಾತೊಂದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇವೆ. ಆ ಹುಡುಗನು ಇನ್ನೂ ಭಾರತದ ಪೌರನಾಗಿದ್ದು ತನ್ನ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಒಂದು ಬಗೆ. ಅವನ ಸ್ನೇಹಿತರು ಅಲ್ಲಿಯ ಪೌರರಾಗಿದ್ದರೆ ಅದು ವಿದೇಶಿ ವಂತಿಗೆಯ ಕಾಯಿದೆಯೊಳಗೆ ಬರುತ್ತದೆ. ಆ ಕಾಯಿದೆಗೆ 2020ರಲ್ಲಿ ಆದ ತಿದ್ದುಪಡಿಯ ಮೇಲೆ ನೋಂದಾಯಿತ ಸಂಸ್ಥೆಯು ಅಂಥ ಹಣವನ್ನು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಯಲ್ಲಿಯೇ ಪಡೆಯಬೇಕು, ಬೇರೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಕಚೇರಿ ಖರ್ಚಿಗೆ ನೂರಕ್ಕೆ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ. ತಿಳಿದವರನ್ನು ಕೇಳಿ ನಡೆಯಿರಿ. ಭಕ್ತಿಯ ಹೆಸರಿನಲ್ಲಿ ಲೆಕ್ಕ ತಪ್ಪಿಸಿದರೆ ಅದು ಭಕ್ತಿಯೂ ಅಲ್ಲ, ಲೆಕ್ಕವೂ ಅಲ್ಲ.

ಈಗ ಆ ನಾಲ್ವರು ಹಿರಿಯರಿಗೆ ಕೊಡಬೇಕಾದ ಉತ್ತರ. ಆ ಗುಡ್ಡಕ್ಕೆ ಬೆಳಗಿನ ಜಾವ ಯಾರು ಯಾರು ಹೋಗುತ್ತಾರೆಂದು ಒಂದು ವಾರ ಹಾದಿಯ ಬದಿಯಲ್ಲಿ ಕುಳಿತು ನೋಡಿ, ಹೆಸರು ಬರೆದು ತನ್ನಿರೆಂದು ಹೇಳಿದೆವು. ಅವರಲ್ಲಿ ಒಬ್ಬರು ನಕ್ಕು, "ಬುದ್ಧಿ, ಅವರೆಲ್ಲ ಗೊತ್ತಿರೋರೇ" ಎಂದರು. ಗೊತ್ತಿರುವವರನ್ನೇ ನಾವು ಕಾಣದೆ ಹೋಗಿದ್ದೆವಾದ್ದರಿಂದ ಬರೆದೇ ತನ್ನಿರೆಂದೆವು. ತಂದರು. 23 ಹೆಸರುಗಳು, ಅವುಗಳಲ್ಲಿ 19 ಹೆಂಗಸರವು. ನಮ್ಮ ಮಠದ ಭಕ್ತರ ಮನೆಯವರು ಮೂವರೇ, ಉಳಿದವರು ಬೇರೆ ಬೇರೆ ಕೇರಿಗಳವರು. ಗುಡ್ಡದ ಯಾವ ಭಾಗ ತೆರೆದಿರಬೇಕು, ಎಷ್ಟು ವರ್ಷ ಯಾವ ಮಗ್ಗುಲು ಮುಚ್ಚಬೇಕು, ಯಾವ ಗಿಡ ಬೇಕು, ಬೇಲಿ ಬೇಕೇ ಬೇಡವೇ ಎಂಬುದನ್ನು ಮೊದಲು ಆ 23 ಮಂದಿ ಹೇಳಲಿ. ಅವರು ಬೇಡವೆಂದರೆ ಹಾಗೆಂದೇ ಆ ಹುಡುಗನಿಗೆ ಬರೆಯೋಣ. ಅವನು ಬಸವಣ್ಣನ ಹೆಸರು ಹೇಳುವ ಮನೆಯ ಮಗ, ಅರ್ಥಮಾಡಿಕೊಳ್ಳುತ್ತಾನೆ.

ಸಭೆ ಬರುವ ಸೋಮವಾರ, ಮಠದ ಪಡಸಾಲೆಯಲ್ಲಿ. ಸೌದೆಗೆ ಹೋಗಿಬಂದು ಊಟ ಮುಗಿಸಿದ ಮೇಲೆ, ಅಂದರೆ ಮಧ್ಯಾಹ್ನ ಮೂರಕ್ಕೆ ಇಟ್ಟಿದ್ದೇವೆ. ಆ ದಿನ ಪಡಸಾಲೆಯ ಚಾಪೆಯ ಮೇಲೆ ಅವರು ಮೊದಲು ಕೂರಲಿ, ನಾವು ಹಿರಿಯರೊಡನೆ ಬಾಗಿಲ ಬಳಿ ಕೂರುತ್ತೇವೆ. ಆ ಹಳ್ಳಿಯ ಮುದುಕಿ ಈಗ ಇಲ್ಲ. ಅವಳ ಸೊಸೆಗೂ ಹೇಳಿಕಳುಹಿಸಿದ್ದೇವೆ.